ಬಲಕ್ಕೆ ತಿರುಗದ ಬೀನ್ಸ್ ಬಳ್ಳಿ

ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯಲು ಪೈಪ್ ರೆಂಚು ಬೇಕು. ಇದರಲ್ಲಿ ಉಪ್ಪು ಖಾರ ಬೆರೆಸಿದ್ದೇನೂ ಇಲ್ಲ. ಅಡುಗೆಮನೆಯ ಗೋಡೆಯಲ್ಲಿ ಸೌಟುಗಳ ಪಕ್ಕದ ಕೊಕ್ಕೆಗೆ ಒಂದು ರೆಂಚು ನೇತಾಡುತ್ತಲೇ ಇರುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಇದು ಇಲ್ಲೇಕಿದೆ ಎಂದು ಅತ್ತೆಯನ್ನು ಕೇಳಿದ್ದೆ. “ನಿಮ್ಮ ಮಾವ ಮುಚ್ಚಿದ್ದು ಅದಿಲ್ಲದೆ ತೆರೆಯಲ್ಲ ಕಣಮ್ಮ. ನಿಂಗೂ ಅಭ್ಯಾಸ ಆಗುತ್ತೆ ಬಿಡು” ಎಂದಿದ್ದರು. ಈಗ ನನಗೆ ಚೆನ್ನಾಗಿಯೇ ಅಭ್ಯಾಸವಾಗಿದೆ.

ಮಾವ ಪ್ಲಂಬರ್. ನಲವತ್ತೆರಡು ವರ್ಷ ಈ ಊರಿನ ಮಹಡಿ ಕಟ್ಟಡಗಳ ನಲ್ಲಿ, ಪೈಪು, ಟ್ಯಾಂಕುಗಳನ್ನು ನೋಡಿಕೊಂಡವರು. ಎಲ್ಲರೂ ಅವರನ್ನು ‘ಬಿಗಿ ಮೇಸ್ತ್ರಿ’ ಎನ್ನುತ್ತಾರೆ. ಅದನ್ನವರು ಬಿರುದೆಂದೇ ತಿಳಿದಿದ್ದಾರೆ. ಕೆಲಸ ಮುಗಿಸಿದ ಕಡೆಯಲ್ಲೆಲ್ಲ ವಾಲ್ವಿಗೆ ಒಂದು ರಟ್ಟಿನ ಚೀಟಿಯನ್ನು ತಂತಿಯಲ್ಲಿ ಕಟ್ಟಿ ಬರುತ್ತಿದ್ದರು. ದಪ್ಪ ಅಕ್ಷರದಲ್ಲಿ ಅದರ ಮೇಲೆ ಇಷ್ಟೇ: ‘ಬಲಕ್ಕೆ ಬಿಗಿ. ಎಡಕ್ಕೆ ಸಡಿಲ. ಬೇರೆ ಬುದ್ಧಿ ಉಪಯೋಗಿಸಬಾರದು.’

ನೀರು ತೊಟ್ಟಿಕ್ಕುವುದೆಂದರೆ ಅವರಿಗೆ ಯಾರೋ ಎದುರು ನಿಂತು ಬೈದ ಹಾಗೆ. ನನ್ನನ್ನು ಹೆರಿಗೆಗೆ ಸೇರಿಸಿದ ದಿನ ಆಸ್ಪತ್ರೆಯ ಬಾತ್‌ರೂಮಿನಲ್ಲಿ ಟಪ್ ಟಪ್ ಸದ್ದು ಕೇಳಿ ಒಳಗೆ ಹೋದವರು, ಮೊಮ್ಮಗಳು ಹುಟ್ಟಿದ ಸುದ್ದಿ ಕೇಳಿದ್ದು ಸಿಂಕಿನ ಕೆಳಗೆ ಅಂಗಾತ ಮಲಗಿಕೊಂಡೇ. “ಸೋರ್ಲಿ ಬಿಡು ಅನ್ನೋ ಮಾತು ಈ ಮನುಷ್ಯನ ಬಾಯಲ್ಲಿ ಈ ಜನ್ಮಕ್ಕೆ ಬರಲ್ಲ” ಎಂದು ಅತ್ತೆ ಇವತ್ತಿಗೂ ಆ ಕತೆಯನ್ನು ಬಂದವರಿಗೆಲ್ಲ ಹೇಳುತ್ತಾರೆ.

ಹಾಗೆ ಹುಟ್ಟಿದ ಮೊಮ್ಮಗಳಿಗೆ ತಾತನೇ ಇಟ್ಟ ಅಡ್ಡಹೆಸರು ‘ಮೊಳೆ’. ತೆಳ್ಳಗಿನ ಮೈ, ಮೇಲೆ ದುಂಡನೆಯ ತಲೆ, ನಿಂತರೆ ನೆಟ್ಟಗೆ ನಿಲ್ಲುತ್ತಾಳೆ. ತಾತ, ಮೊಮ್ಮಗಳು ಒಂದೇ ಜೀವ. ಇಬ್ಬರೂ ಸೇರಿ ಕೆಟ್ಟ ಗಡಿಯಾರ ಬಿಚ್ಚುವುದು, ಇನ್ನೂ ಕೆಡಿಸಿ ಮುಚ್ಚುವುದು. ಅವಳಿಗೆ ಐದೂವರೆ ತುಂಬಿ, ಶಾಲೆ ತೆರೆಯಲು ಎರಡು ತಿಂಗಳಿದೆ ಎನ್ನುವಾಗ ಮಾವನ ಕಣ್ಣಿಗೆ ಒಂದು ಸಂಗತಿ ಬಿತ್ತು. ಹುಡುಗಿ ಚಮಚ, ಪೆನ್ಸಿಲು, ಬಾಚಣಿಗೆ, ಎಲ್ಲವನ್ನೂ ಹಿಡಿಯುವುದು ಎಡಗೈಯಲ್ಲಿ.

“ಇದು ಆಗದ ಮಾತು” ಎಂದರು. “ಲೋಕ ಮಾಡಿರೋದೇ ಬಲಗೈಯವರಿಗೆ. ನನ್ನ ಜೊತೆ ಒಬ್ಬ ಎಡಗೈಯವನು ಕೆಲಸಕ್ಕಿದ್ದ. ವಾಲ್ವು ಮುಚ್ಚೋಕೆ ಹೋಗಿ ತೆಗೆದು, ಮೂರು ಮಹಡಿ ಮುಳುಗಿಸಿದ. ನಾಳೆ ಶಾಲೆಯಲ್ಲಿ ಮಕ್ಕಳೆಲ್ಲ ನಕ್ಕರೆ ಇವಳು ಏನ್ಮಾಡ್ತಾಳೆ?”

ಅಂದಿನಿಂದ ತಾಲೀಮು ಶುರುವಾಯಿತು. ಪೆನ್ಸಿಲು ಬಲಗೈಗೆ ಬಂತು. ಕೈಗೆ ಕಸುವು ಬರಲಿ ಎಂದು ಹೆಬ್ಬೆರಳು ಗಾತ್ರದ ಒಂದು ಬೋಲ್ಟು, ಅದಕ್ಕೊಂದು ನಟ್ಟು ಕೊಟ್ಟರು. ದಿನಕ್ಕೆ ಇಪ್ಪತ್ತು ಸಲ ಬಲಗೈಯಲ್ಲಿ ಬಿಗಿಯಬೇಕು, ಬಿಚ್ಚಬೇಕು. ಅವಳು ಬಿಗಿದಳು, ಬಿಚ್ಚಿದಳು. ಆದರೆ ಚಿತ್ರ ಬಿಡಿಸುವುದನ್ನು ನಿಲ್ಲಿಸಿದಳು. ನಾನು ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸದಲ್ಲಿದ್ದೇನೆ. ಅಲ್ಲಿಂದ ತಂದ ಹಳೆಯ ಚೀಟಿಗಳ ಬೆನ್ನ ಮೇಲೆಲ್ಲ ಅದುವರೆಗೆ ಅವಳ ಬೆಕ್ಕುಗಳು ಓಡಾಡುತ್ತಿದ್ದವು. ಬಲಗೈಯಲ್ಲಿ ಒಂದು ಬೆಕ್ಕು ಬಿಡಿಸಿ, ತುಂಬ ಹೊತ್ತು ಅದನ್ನೇ ನೋಡಿ, “ಇದು ಬೆಕ್ಕಲ್ಲ” ಎಂದು ಪೆನ್ಸಿಲುಗಳನ್ನೆಲ್ಲ ಕಾಫಿಪುಡಿಯ ಹಳೆ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು. ಹಾದುಹೋಗುತ್ತಿದ್ದ ಮಾವ ಅಭ್ಯಾಸಬಲದಿಂದ ಆ ಮುಚ್ಚಳವನ್ನೂ ಒಂದು ಸುತ್ತು ಬಿಗಿದರು.

ನನಗೆ ಇದು ಹಿಡಿಸಲಿಲ್ಲ, ಆದರೂ ತಡೆಯಲಿಲ್ಲ. ಶಾಲೆಯಲ್ಲಿ ನಕ್ಕಾರು ಎಂಬ ಹೆದರಿಕೆ ನನಗೂ ಒಳಗೊಳಗೇ ಇತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಮ್ಮವರಂತೂ ಅಪ್ಪನ ಎದುರು ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಮಾತಾಡಿದವರು ಅತ್ತೆಯೊಬ್ಬರೇ. “ಮಗು ಮಂಕಾಗಿದೆ, ಬಿಟ್ಟುಬಿಡಿ” ಎಂದರು.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂದರು ಮಾವ.

ಗಾದೆಯನ್ನು ಹೇಳಿ ಸುಮ್ಮನಿದ್ದಿದ್ದರೆ ಗೆಲುವು ಅವರದೇ ಆಗುತ್ತಿತ್ತು. ಆದರೆ ಮೊಳೆ “ಯಾವ ಗಿಡ?” ಎಂದು ಕೇಳಿದಳು. ಮಾವನಿಗೆ ಹುರುಪು ಬಂತು. ಗಾದೆಯನ್ನು ಕಣ್ಣಾರೆ ತೋರಿಸುತ್ತೇನೆಂದು ಮರುದಿನವೇ ಬೀಜದ ಅಂಗಡಿಯಿಂದ ಬಳ್ಳಿ ಬೀನ್ಸಿನ ಮೂರು ಕಾಳು ತಂದರು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುವುದು ಇದಕ್ಕೇ.

ಬಾಲ್ಕನಿಯಲ್ಲಿ ಮಣ್ಣಿನ ಕುಂಡ ಇಟ್ಟರು. ಬಳ್ಳಿ ಹಬ್ಬಲು ಯಾರಾದರೂ ಕೋಲು ನೆಡುತ್ತಾರೆ, ಇವರು ಅರ್ಧ ಇಂಚಿನ ಕಬ್ಬಿಣದ ಪೈಪು ನೆಟ್ಟರು. ಪೈಪು ನೆಟ್ಟಗಿದೆಯೇ ಎಂದು ಮಟ್ಟಗೋಲು ಹಿಡಿದು ಪರೀಕ್ಷಿಸಿ, ತುದಿಗೊಂದು ಮುಚ್ಚಳ ಹಾಕಿ ಬಿಗಿದರು. ಮೊಳೆ ಬೆರಳಿನಲ್ಲಿ ಮೂರು ಗುಳಿ ಮಾಡಿ ಕಾಳು ಹಾಕಿದಳು. ಎಡಗೈ ಬೆರಳಿನಲ್ಲೇ. ಮಾವ ಕಂಡೂ ಕಾಣದವರಂತೆ ಇದ್ದರು.

“ನೋಡು, ಈ ಬಳ್ಳಿಗೆ ಸಣ್ಣದರಲ್ಲೇ ಬಲಕ್ಕೆ ಸುತ್ತೋದು ಕಲಿಸ್ತೀನಿ. ಅದು ಕಲಿತರೆ ನೀನೂ ಕಲೀಬೇಕು.”

“ಅದು ಕಲೀದಿದ್ರೆ?”

“ಕಲೀದೇ ಏನು? ಕಲೀದಿದ್ರೆ ನಿನ್ನ ಕೈ ತಂಟೆಗೆ ನಾನು ಬರಲ್ಲ.”

ಮೊಳೆ ಕೈ ಚಾಚಿದಳು. ತಾತ ಬಲಗೈ, ಮೊಮ್ಮಗಳು ಎಡಗೈ, ಹೇಗೋ ಒಂದು ರೀತಿಯಲ್ಲಿ ಕೈ ಕುಲುಕಿ ಪಂದ್ಯ ಕಟ್ಟಿದರು.

ಆರನೆಯ ದಿನ ಮೊಳಕೆ ಬಂತು. ಎರಡು ವಾರ ಕಳೆಯುವಷ್ಟರಲ್ಲಿ ಮೂರೂ ಕುಡಿಗಳು ಪೈಪನ್ನು ಮುಟ್ಟಿ ಸುತ್ತತೊಡಗಿದವು. ಮಾವ ಕನ್ನಡಕ ಏರಿಸಿ ಮೇಲಿನಿಂದ ಬಗ್ಗಿ ನೋಡಿದರು. ಮೂರೂ ಸುತ್ತಿದ್ದು ಎಡಕ್ಕೆ, ಅಂದರೆ ನಟ್ಟು ಸಡಿಲಿಸುವ ದಿಕ್ಕಿಗೆ.

“ಪರವಾಗಿಲ್ಲ. ತಿದ್ದೋದಕ್ಕೇ ತಾನೇ ನಾವಿರೋದು” ಎಂದು ಮೂರನ್ನೂ ನಾಜೂಕಾಗಿ ಬಿಡಿಸಿ ಬಲಕ್ಕೆ ಸುತ್ತಿದರು. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗಿ ನೋಡಿದರೆ ಕುಡಿಗಳು ಕಳಚಿಕೊಂಡು ಮತ್ತೆ ಎಡಕ್ಕೇ ಹೊರಟಿದ್ದವು. ಪುನಃ ಸುತ್ತಿದರು, ಪುನಃ ಬಿಚ್ಚಿಕೊಂಡವು. ನಾಲ್ಕನೆಯ ದಿನ ನೀರು ಸೋರದಂತೆ ಪೈಪಿನ ತಿರುಪಿಗೆ ಸುತ್ತುವ ಬಿಳಿ ಟೇಪು ತಂದು ಕಟ್ಟಿಯೇಬಿಟ್ಟರು. ಕಟ್ಟಿದಷ್ಟು ಬಳ್ಳಿ ಬಲಕ್ಕೆ ನಿಂತಿತು. ಟೇಪು ದಾಟಿದ ತುದಿ ಮಾತ್ರ ಎಡಕ್ಕೆ ಹೊರಳಿತು. ಅವರು ಟೇಪನ್ನು ಮೇಲಕ್ಕೆ ಬೆಳೆಸಿದರು, ಬಳ್ಳಿ ಅದಕ್ಕೂ ಮೇಲೆ ಬೆಳೆಯಿತು.

“ಒಂದು ವಾರದಿಂದ ನೋಡ್ತಿದೀನಿ. ಇಂಥ ಜಗಮೊಂಡ ಇನ್ನೊಂದಿಲ್ಲ” ಎಂದರು ಮಾವ.

“ನಾನು ನಲವತ್ತು ವರ್ಷದಿಂದ ನೋಡ್ತಿದೀನಿ” ಎಂದರು ಅತ್ತೆ.

ಇಲ್ಲಿಯವರೆಗೆ ಎಲ್ಲ ನಗೆಯೇ. ಆಮೇಲೆ ಮಾವ ಆಡಬಾರದ ಮಾತೊಂದನ್ನು ಆಡಿದರು. “ತಾನಾಗೇ ಬಿಚ್ಚಿಕೊಳ್ಳೋಕೆ ಅದಕ್ಕೇನು ಕೈಯಿದೆಯಾ? ಮೊಳೆ, ನೀನೇ ಬಂದು ಬಿಚ್ಚಿ ಹೋಗ್ತಿದೀಯ. ಪಂದ್ಯದಲ್ಲಿ ಕಳ್ಳಾಟ ಆಡಬಾರದು.”

ಮಗಳು ಅಳಲಿಲ್ಲ. ತನ್ನ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅದನ್ನು ನೋಡಿ ನನ್ನ ಬಾಯಿಯ ಬೀಗ ಕಳಚಿತು. “ಮಾವ, ಅವಳು ಮೂರು ವಾರದಿಂದ ಒಂದು ಗೆರೆ ಎಳೆದಿಲ್ಲ. ನೀವು ಬೀನ್ಸನ್ನು ಏನಾದ್ರೂ ಮಾಡ್ಕೊಳ್ಳಿ. ನನ್ನ ಮಗಳನ್ನ ಕಳ್ಳಿ ಅನ್ಬೇಡಿ” ಎಂದೆ. ಏಳು ವರ್ಷದಲ್ಲಿ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಮಾವ ನನ್ನನ್ನು ನೋಡಿದರು, ಅವಳನ್ನು ನೋಡಿದರು. ಒಂದು ಕುರ್ಚಿ ತಂದು ಕುಂಡದ ಎದುರು ಹಾಕಿ ಕಾವಲು ಕೂತರು. ಮೊಳೆಯೂ ತನ್ನ ಮಣೆ ತಂದು ಪಕ್ಕದಲ್ಲಿ ಕೂತಳು, ಕೈ ಬೆನ್ನ ಹಿಂದೆಯೇ.

ಎಂಟು ಗಂಟೆಗೆ ಕುಡಿಯ ತುದಿ ಗೋಡೆಯ ಕಡೆಗಿತ್ತು. ಮಾವ ಪೇಪರಿನ ಒಂದು ಪುಟ ಮುಗಿಸಿ ತಲೆಯೆತ್ತಿದಾಗ ಅದು ಬಾಗಿಲ ಕಡೆಗಿತ್ತು. ಯಾರೂ ಮುಟ್ಟಿರಲಿಲ್ಲ, ಗಾಳಿಯೂ ಇರಲಿಲ್ಲ. ಪೇಪರು ಮಡಚಿಟ್ಟು ಕಣ್ಣು ಮಿಟುಕಿಸದೆ ಕೂತರು. ಹತ್ತು ಗಂಟೆಯ ಹೊತ್ತಿಗೆ ತುದಿ ಒಂದು ಪೂರ್ತಿ ಸುತ್ತು ಹೊಡೆದು ಮತ್ತೆ ಗೋಡೆಯ ಕಡೆ ಬಂದಿತ್ತು. ಸುತ್ತಿದ್ದು ಎಡಕ್ಕೆ.

“ನೀನು ಮುಟ್ಟಿಲ್ಲ” ಎಂದರು ಮಾವ.

“ಇಲ್ಲ” ಎಂದಳು ಮೊಳೆ.

“ತಪ್ಪು ನಂದೇ.” ಇಷ್ಟು ಹೇಳಲು ಅವರಿಗೆ ಒಂದು ಇಡೀ ಲೋಟ ನೀರು ಬೇಕಾಯಿತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ, ಅಷ್ಟಕ್ಕೇ ಸೋಲೊಪ್ಪುವುದುಂಟೆ? ದೋಷ ಬೀಜದ್ದು ಎಂದು ತೀರ್ಮಾನಿಸಿ, ಕುಂಡವನ್ನು ಪೈಪಿನ ಸಮೇತ ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು, ಪೈಪು ಹಿಡಿದುಕೊಳ್ಳಲು ಮೊಮ್ಮಗಳನ್ನು ಮುಂದೆ ನಿಲ್ಲಿಸಿಕೊಂಡು ಅಂಗಡಿಗೆ ಹೊರಟರು. ಅಲ್ಲಿ ನಡೆದದ್ದನ್ನು ಆಮೇಲೆ ಮೊಳೆಯೇ ನಮಗೆ ಅಭಿನಯಿಸಿ ತೋರಿಸಿದಳು.

“ಈ ಬೀಜ ಸರಿಯಿಲ್ಲ. ಬಲಕ್ಕೆ ಸುತ್ತೋದು ಕೊಡಿ” ಎಂದರಂತೆ ಮಾವ.

ಅಂಗಡಿಯಾಕೆ ಅವರನ್ನು ಅಂಗಡಿಯ ಹಿಂದಿನ ಬೇಲಿಗೆ ಕರೆದೊಯ್ದರಂತೆ. ಅಲ್ಲಿ ಸಾಲಾಗಿ ಬೀನ್ಸ್ ಬಳ್ಳಿಗಳು. ಮಾವ ಮಂಡಿಯ ಮೇಲೆ ಕೈಯೂರಿ ಒಂದೊಂದನ್ನೂ ತಪಾಸಣೆ ಮಾಡಿದರಂತೆ. ಇಪ್ಪತ್ತಾರು ಬಳ್ಳಿ, ಇಪ್ಪತ್ತಾರೂ ಎಡಕ್ಕೆ.

“ಬಲಕ್ಕೆ ಸುತ್ತೋ ಬೀನ್ಸ್ ಒಂದೂ ಇಲ್ವಾ?”

“ಇದ್ದಿದ್ರೆ ನಿಮಗೆ ಯಾಕೆ ಮಾರ್ತಿದ್ದೆ ಯಜಮಾನ್ರೇ? ಟಿಕೆಟ್ ಇಟ್ಟು ತೋರಿಸ್ತಿದ್ದೆ.”

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮನೆಗೆ ಬಂದು ಕುಂಡವನ್ನು ಜಾಗದಲ್ಲಿಟ್ಟು, “ಇಡೀ ಕುಲಕ್ಕೇ ಸಣ್ಣದರಲ್ಲಿ ಬುದ್ಧಿ ಹೇಳೋರು ಇರಲಿಲ್ಲ, ಅಷ್ಟೇ” ಎಂದು ಟೇಪಿನ ಸುರುಳಿ ಹುಡುಕತೊಡಗಿದರು. ಮೊಳೆ ಹೊಸ್ತಿಲ ಮೇಲೆ ಕೂತು ಅವತ್ತಿನ ತಾಲೀಮು ಮುಗಿಸುತ್ತಿದ್ದಳು. ಎಡಗೈಯಲ್ಲಿ ಬೋಲ್ಟನ್ನು ನೆಟ್ಟಗೆ ಹಿಡಿದು, ಬಲಗೈಯಲ್ಲಿ ನಟ್ಟು ತಿರುಗಿಸುತ್ತಾ ಕರೆದಳು.

“ತಾತಾ, ಬಲಕ್ಕೆ ತಿರುಗಿಸಿದ್ರೆ ನಟ್ಟು ಕೆಳಗೆ ಹೋಗುತ್ತೆ.”

“ಹೂಂ.”

“ಎಡಕ್ಕೆ ತಿರುಗಿಸಿದ್ರೆ ಮೇಲೆ ಬರುತ್ತೆ.”

“ಹೂಂ. ಅದಕ್ಕೇನೀಗ?”

“ಬೀನ್ಸ್‌ಗೆ ಮೇಲೆ ಬರ್ಬೇಕಲ್ವಾ?”

ಮಾವ ಟೇಪು ಹುಡುಕುವುದನ್ನು ನಿಲ್ಲಿಸಿದರು. ಅವಳ ಕೈಯಿಂದ ಬೋಲ್ಟು ತೆಗೆದುಕೊಂಡು ಬಲಕ್ಕೆ ತಿರುಗಿಸಿದರು, ನಟ್ಟು ಇಳಿಯಿತು. ಎಡಕ್ಕೆ ತಿರುಗಿಸಿದರು, ಏರಿತು. ಮತ್ತೊಮ್ಮೆ ಇಳಿಸಿದರು, ಮತ್ತೊಮ್ಮೆ ಏರಿಸಿದರು. ನಲವತ್ತೆರಡು ವರ್ಷ ದಿನವೂ ಮಾಡಿದ ಕೆಲಸವನ್ನು ಅವರು ಅವತ್ತೇ ಮೊದಲು ನೋಡುತ್ತಿರುವಂತೆ ನನಗೆ ಕಂಡಿತು. ಅತ್ತೆ ಏನೋ ಅನ್ನಲು ಬಾಯಿ ತೆರೆದರು, ನಾನು ಕಣ್ಸನ್ನೆ ಮಾಡಿದೆ.

ಮಾವ ಬ್ಲೇಡು ತಂದು ಬಳ್ಳಿಗೆ ತಾಗದಂತೆ ಟೇಪನ್ನೆಲ್ಲ ಕತ್ತರಿಸಿ ತೆಗೆದರು. ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಆಮೇಲೆ ಒಳಗೆ ಹೋಗಿ ಕಾಫಿಪುಡಿಯ ಡಬ್ಬಿ ಇಳಿಸಿ, ತಾವೇ ಬಿಗಿದ ಮುಚ್ಚಳವನ್ನು ತಾವೇ ರೆಂಚು ಹಾಕಿ ತೆಗೆದು, ತೆರೆದ ಡಬ್ಬಿಯನ್ನು ಮೊಮ್ಮಗಳ ಎಡಗಡೆಗೆ ಇಟ್ಟರು. “ಪಂದ್ಯ ಅಂದ್ರೆ ಪಂದ್ಯ” ಎಂದರು. ಅಂದು ಸಂಜೆಯೊಳಗೆ ಮೊಳೆ ಹನ್ನೊಂದು ಬೆಕ್ಕು ಬಿಡಿಸಿದಳು. ಒಂದಕ್ಕೆ ತಾತನ ಮೀಸೆಯಿತ್ತು.

ಶಾಲೆಯ ಮೊದಲ ದಿನ ಮಗಳ ಊಟದ ಡಬ್ಬಿ, ನೀರಿನ ಬಾಟಲಿ ಎಲ್ಲವನ್ನೂ ತುಂಬಿಸಿಕೊಟ್ಟವರು ಮಾವನೇ. ಗೇಟಿನ ಬಳಿ ಚೀಲವನ್ನು ಅವಳ ಬೆನ್ನಿಗೆ ಹಾಕುವಾಗ ನೋಡಿದೆ, ಜಿಪ್ಪಿಗೆ ತಂತಿಯಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿತ್ತು. ಅದೇ ದಪ್ಪ ಅಕ್ಷರ: ‘ಇವಳು ಎಡಕ್ಕೆ ತಿರುಗುತ್ತಾಳೆ. ಸರಿಯಾಗಿಯೇ ಇದೆ. ಯಾರೂ ಬಿಗಿಯಬಾರದು.’ ಬಾಗಿಲಲ್ಲಿ ನಿಂತಿದ್ದ ಟೀಚರ್ ಅದನ್ನು ಎರಡು ಸಲ ಓದಿ, ಮಗಳ ಎಡಗೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಮಧ್ಯಾಹ್ನ ಮೊಳೆ ಮನೆಗೆ ಬಂದಾಗ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಪುಸ್ತಕ, ಕರವಸ್ತ್ರ, ಅಂಗಿಯ ಬೆನ್ನು ಎಲ್ಲವೂ ಒದ್ದೆ. ಅವಳ ಎಡಗೈಗೆ ಸುಲಭವಾಗಿ ತೆರೆಯಲಿ ಎಂದು ಬಾಟಲಿಯ ಮುಚ್ಚಳವನ್ನು ಮಾವ ಸುಮ್ಮನೆ ಮೇಲೆ ಕೂರಿಸಿ ಕಳಿಸಿದ್ದರು.

“ತಾತಾ, ಬಾಟಲಿ ಸೋರಿತು” ಎಂದಳು ಮೊಳೆ.

ಮಾವ ಬಾಲ್ಕನಿಯಲ್ಲಿ ಕೂತು ಬಳ್ಳಿಯ ಮೊದಲ ಹೂವನ್ನು ನೋಡುತ್ತಿದ್ದರು. ತಿರುಗಿ ನೋಡಿ, ನೆಲದ ಮೇಲೆ ಬೀಳುತ್ತಿದ್ದ ಹನಿಗಳನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು.

“ಸೋರ್ಲಿ ಬಿಡು” ಎಂದರು.

ಅಡುಗೆಮನೆಯಲ್ಲಿ ಅತ್ತೆಯ ಕೈಯಿಂದ ರೆಂಚು ಜಾರಿ ಬಿದ್ದ ಸದ್ದು ಕೇಳಿಸಿತು.