ಮೂರನೆಯ ಕರೆ ಎಲ್ಲಿಂದ ಬಂತು

ಗುರುವಾರ ಬೆಳಗ್ಗೆ ಆರು ಐವತ್ತಕ್ಕೆ ಫಾದರ್ ಸ್ಟುಡಿಯೋ ಬಾಗಿಲಿಗೆ ಬಂದು, ಸ್ಟೂಲಿನ ಮೇಲಿದ್ದ ಬಿಸ್ಕತ್ತಿನ ತಗಡು ಡಬ್ಬಿಯ ಮುಚ್ಚಳ ತೆಗೆದು ತಮ್ಮ ಫೋನನ್ನು ಅದರೊಳಗೆ ಹಾಕಿದರು. ಚರ್ಚಿನಲ್ಲಿ ಆರು ಗಂಟೆಯ ಬಲಿಪೂಜೆ ಆಗಷ್ಟೇ ಮುಗಿದಿತ್ತು. ಒಳಗೆ ಹೋಗುವವರು ಯಾರೇ ಆಗಲಿ, ಫೋನು ಹೊರಗಿನ ಡಬ್ಬಿಯಲ್ಲೇ ಉಳಿಯಬೇಕು ಎಂಬುದು ಒಂಬತ್ತು ವರ್ಷದಿಂದ ನಡೆದುಬಂದ ಕಟ್ಟುನಿಟ್ಟು. ಬಿಷಪ್, ಅಂದರೆ ಧರ್ಮಾಧ್ಯಕ್ಷರು, ಉದ್ಘಾಟನೆಗೆ ಬಂದಿದ್ದಾಗ ಅವರ ಫೋನೂ ಅದೇ ಡಬ್ಬಿಯಲ್ಲಿ ಮುಕ್ಕಾಲು ಗಂಟೆ ಕೂತಿತ್ತು.

ಸ್ಟುಡಿಯೋ ಎಂದರೆ ಚರ್ಚಿನ ಹಿಂದಿನ ಹಳೇ ಉಗ್ರಾಣ. ಮುರಿದ ಬೆಂಚುಗಳನ್ನು ಸಾಗಿಸಿ, ಮುಚ್ಚಿಹೋದ ಹಾಸ್ಟೆಲೊಂದರ ಹಾಸಿಗೆಗಳನ್ನು ತಂದು ಹೊರಗಿನ ಗದ್ದಲ ಒಳಬಾರದಂತೆ ಗೋಡೆಗೆ ಮೊಳೆ ಹೊಡೆದಿದ್ದಾರೆ. ಒಂದು ಮೈಕು, ಒಂದು ಕೀಬೋರ್ಡು, ಒಂದು ಗಿಟಾರು. ಸದ್ದು ಮಾಡುತ್ತದೆಂದು ಫ್ಯಾನನ್ನು ಸೌಂಡ್ ಇಂಜಿನಿಯರ್ ಬಿಚ್ಚಿಸಿ ಹಾಕಿದ್ದಾನೆ. ಅವನ ಕೊರಳಿನಲ್ಲಿ ಸದಾ ಹೆಡ್‌ಫೋನ್ ನೇತಾಡುವುದರಿಂದ ಅವನ ಹೆಸರೂ ಅದೇ ಆಗಿಹೋಗಿದೆ. ಹಿಂದೆ ಸಿನಿಮಾ ಡಬ್ಬಿಂಗ್ ಥಿಯೇಟರಿನಲ್ಲಿ ಕೆಲಸ ಮಾಡಿದವನು. ಯಾವ ದೇವರಿಗೂ ಕೈಮುಗಿದವನಲ್ಲ.

"ಇವತ್ತಿನ ರೇಡಿಯೋ ಮಾತು ಆಮೇಲೆ ರೆಕಾರ್ಡ್ ಮಾಡೋಣ ಫಾದರ್. ಮೊದಲು ಇದನ್ನ ನೋಡಿ," ಎಂದು ಹೆಡ್‌ಫೋನ್ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದ.

ಪರದೆಯ ಮೇಲೆ ಫಾದರ್ ಒಂಬತ್ತು ದಿನದ ಹಿಂದೆ ತಮ್ಮ ಚಾನೆಲ್‌ನಲ್ಲಿ ಹಾಕಿದ ಹೊಸ ಹಾಡಿತ್ತು. ನಾಲ್ಕು ಲಕ್ಷ ಜನ ಅದನ್ನು ನೋಡಿಯಾಗಿತ್ತು. ಭಾನುವಾರ ಸಂಜೆ ಟಿವಿಯಲ್ಲಿ ನೇರವಾಗಿ ಹಾಡಲು ಕರೆ ಬಂದಿದ್ದೂ ಇದೇ ಹಾಡಿನಿಂದ. ವಿಡಿಯೋದ ಕೆಳಗೆ, ಎಲ್ಲ ಕಾಮೆಂಟುಗಳಿಗಿಂತ ಮೇಲೆ, ಹೆಸರೂ ಮುಖವೂ ಇಲ್ಲದ ಖಾತೆಯೊಂದರಿಂದ ಹಿಂದಿನ ಸಂಜೆ ಬಂದ ಮೂರು ಸಾಲು ಕೂತಿದ್ದವು.

"ಎರಡನೇ ಚರಣದಲ್ಲಿ ಇರೋದು ನನ್ನ ಕಥೆ. ನಾನು ಅದನ್ನ ಒಬ್ಬರಿಗೇ ಹೇಳಿದ್ದು. ಮಂಡಿಯೂರಿ ಹೇಳಿದ್ದು."

ಎರಡನೇ ಚರಣ ಹೀಗಿದೆ: ಮೂರು ಸಲ ಕೂಗಿತು ಮೇಜಿನ ಮೇಲೆ, ಮೂರು ಸಲವೂ ಮಗುಚಿಟ್ಟೆ ನಾನು. ಫೋನು ಎತ್ತದವನೊಬ್ಬನ ಹಾಡು ಅದು. ಕರೆ ಮಾಡಿದವರು ಅದೇ ಸಂಜೆ ತೀರಿಹೋಗುತ್ತಾರೆ.

"ಮಂಡಿಯೂರಿ ಅಂದ್ರೆ?" ಎಂದು ಹೆಡ್‌ಫೋನ್ ಕೇಳಿದ.

"ಪಾಪನಿವೇದನೆಯಲ್ಲಿ."

"ಅಂದ್ರೆ ನಿಮ್ಮ ಹತ್ರ ಗುಟ್ಟಾಗಿ ಹೇಳಿದ್ದನ್ನ ನೀವು ಹಾಡು ಕಟ್ಟಿ ಬಿಟ್ಟಿದ್ದೀರಿ ಅಂತ ಆರೋಪ."

ಫಾದರ್ ಬಗ್ಗಿ ಆ ಮೂರು ಸಾಲನ್ನು ಇನ್ನೊಮ್ಮೆ ಓದಿದರು.

*

ಫಾದರ್‌ಗೆ ಈಗ ಐವತ್ತೊಂದು. ಅಪ್ಪ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು. ಬೆಳಗ್ಗೆ ಶವದ ಹಿಂದೆ, ಸಂಜೆ ಮದುವೆಯ ಮುಂದೆ, ಅದೇ ಕೆಂಪು ಕೋಟಿನಲ್ಲಿ. "ಜನ ಮೊದಲು ತಾಳಕ್ಕೆ ತಲೆ ತೂಗ್ತಾರೆ, ಮಾತು ಕಿವಿಗೆ ಬೀಳೋದು ಆಮೇಲೆ," ಎಂದು ಮಗನಿಗೆ ಹೇಳಿದ್ದರು. ಮಗ ಪಾದ್ರಿಯಾಗಲು ಗುರುಮಠ ಸೇರಿದಾಗ ಗಿಟಾರನ್ನೂ ಹೊತ್ತುಕೊಂಡು ಹೋದ. ಅಲ್ಲಿನ ಹಿರಿಯರು ಅದನ್ನು ಬೀರುವಿಗೆ ಹಾಕಿ ಬೀಗ ಜಡಿದು, ವಾರಕ್ಕೊಂದು ಗಂಟೆ ಮಾತ್ರ ಬಿಡುಗಡೆ ಮಾಡುತ್ತಿದ್ದರು.

ಗುರುಪಟ್ಟದ ನಂತರ ಮೊದಲು ಕಳಿಸಿದ್ದು ಒಂದು ಆಸ್ಪತ್ರೆಗೆ. ಉಪದೇಶ ಕೇಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ನರ್ಸುಗಳು ಟ್ರೇ ಹಿಡಿದು ಓಡಾಡುವಾಗ ಸಿನಿಮಾ ಹಾಡು ಗುನುಗುವುದನ್ನು ಗಮನಿಸಿದ ಫಾದರ್, ಅದೇ ಧಾಟಿಯಲ್ಲಿ ತಮ್ಮ ಮಾತು ಕಟ್ಟಿ ವಾರ್ಡಿನಲ್ಲಿ ಹಾಡಿದರು. ಕಾಲು ಮುರಿದುಕೊಂಡು ಮಲಗಿದ್ದ ರೇಡಿಯೋದವರೊಬ್ಬರು ಅದನ್ನು ಕೇಳಿ, ಎದ್ದು ಓಡಾಡುವಂತಾದ ಮೇಲೆ ಕರೆಸಿಕೊಂಡರು. ಬೆಳಗಿನ ಮೂರು ನಿಮಿಷದ ಮಾತು, ಮಾತಿನ ಕೊನೆಗೆ ಒಂದು ಹಾಡು. ಆಮೇಲೆ ವಿಡಿಯೋ ಚಾನೆಲ್ಲು. ಈಗ ಊರಿನಲ್ಲಿ ಅವರು ಹಾಡು ಫಾದರ್.

ಹಾಡು ಕೇಳಿದವರು ಚರ್ಚಿಗೆ ಬರಲೇಬೇಕೆಂದಿಲ್ಲ. ಆದರೆ ಬಂದವರು ಬಾಯಿ ಬಿಡುತ್ತಿದ್ದರು. ಒಮ್ಮೆ ಟ್ಯಾಕ್ಸಿ ಚಾಲಕನೊಬ್ಬ ಸಿಗ್ನಲ್‌ನಲ್ಲಿ ಇವರನ್ನು ಕಂಡು, "ಫಾದರ್, ಗ್ಲಾಸ್ ಇಳಿಸಿ, ಕೆಂಪು ದೀಪ ತೊಂಬತ್ತು ಸೆಕೆಂಡ್ ಇದೆ, ಅಷ್ಟರಲ್ಲಿ ನಂದೊಂದು ಹೇಳಿಬಿಡ್ತೀನಿ," ಎಂದಿದ್ದ. ಶನಿವಾರ ಸಂಜೆ ಐದರಿಂದ ಏಳರವರೆಗೆ ಇವರು ಪಾಪನಿವೇದನೆಯ ಪೀಠದಲ್ಲಿ ಕೂರುತ್ತಾರೆ. ಅಕ್ಕಪಕ್ಕದ ಧರ್ಮಕೇಂದ್ರಗಳಲ್ಲಿ ನಾಲ್ಕೈದು ಜನ ಬಂದರೆ ಹೆಚ್ಚು. ಇಲ್ಲಿ ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಬರುತ್ತದೆ, ಇಪ್ಪತ್ತೈದು, ಮೂವತ್ತು ಜನ.

*

ಮಧ್ಯಾಹ್ನದ ಹೊತ್ತಿಗೆ ಆ ಮೂರು ಸಾಲಿನ ಕೆಳಗೆ ಇನ್ನೂರ ಎಪ್ಪತ್ತು ಉತ್ತರ ಬಿದ್ದಿದ್ದವು. ಫಾದರ್ ಹಾಗೆ ಮಾಡುವವರಲ್ಲ ಎಂದು ಕೆಲವರು. ಹಾಗಾದರೆ ಬಾಯಿಬಿಟ್ಟು ಹೇಳಲಿ ಎಂದು ಉಳಿದವರು.

"ಡಿಲೀಟ್ ಒತ್ತಿಬಿಡ್ಲಾ?" ಎಂದ ಹೆಡ್‌ಫೋನ್.

"ಬೇಡ."

"ಹಾಗಾದ್ರೆ 'ನಾನಲ್ಲ, ಇದು ನನ್ನದೇ ಕಥೆ' ಅಂತ ಒಂದು ಸಾಲು ಹಾಕೋಣ. ಹೇಗೂ ನಿಮ್ಮ ತಂದೆಯವರ ಮೇಲೆ ಬರೆದಿದ್ದು ತಾನೇ?"

"ಅದನ್ನೂ ಹಾಕೋ ಹಾಗಿಲ್ಲ."

"ಯಾಕೆ ಸ್ವಾಮಿ? ಸುಳ್ಳಲ್ಲವಲ್ಲ."

ಫಾದರ್ ಸ್ಟೂಲು ಎಳೆದುಕೊಂಡು ಕೂತರು. "ಪಾಪನಿವೇದನೆಯಲ್ಲಿ ಕೇಳಿದ್ದನ್ನ ಹೇಳಬಾರದು ಅನ್ನೋದಷ್ಟೇ ಅಲ್ಲ. ಕೇಳಿದೆ ಅಂತಲೂ ಹೇಳಬಾರದು, ಕೇಳಿಲ್ಲ ಅಂತಲೂ ಹೇಳಬಾರದು. ಉಪಯೋಗಿಸಲೂ ಬಾರದು. ಇವತ್ತು ಒಬ್ಬರಿಗೆ 'ಅಲ್ಲ' ಅಂದೆ ಅಂತಿಟ್ಟುಕೊ. ನಾಳೆ ಇನ್ನೊಬ್ಬರು ಕೇಳಿದಾಗ ಸುಮ್ಮನಿದ್ದರೆ ಅದು 'ಹೌದು' ಆಗುತ್ತೆ."

ಹೆಡ್‌ಫೋನ್ ತಲೆ ಕೆರೆದುಕೊಂಡ. "ಒಳ್ಳೇ ಕೆಲಸ ಹಿಡಿದಿದ್ದೀರಿ ಫಾದರ್. ಲಾಯರಿಗಾದ್ರೂ 'ನನ್ನ ಕಕ್ಷಿದಾರ ಅಮಾಯಕ' ಅನ್ನೋಕೆ ಬಿಡ್ತಾರೆ."

ಆಗಿನ್ನೂ ಫಾದರ್ ಹೆದರಿರಲಿಲ್ಲ. ಹಾಡು ತಮ್ಮದು ಎಂಬ ಧೈರ್ಯವಿತ್ತು. ನಾಲ್ಕು ವರ್ಷದ ಹಿಂದೆ ಅಪ್ಪ ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕೂತಾಗ ಇವರು ಇದೇ ಕೋಣೆಯಲ್ಲಿ ಹಾಡುತ್ತಿದ್ದರು. ಅಪ್ಪ ಫೋನ್ ಮಾಡಿದ್ದರು, ಇವರು ಎತ್ತಿರಲಿಲ್ಲ. ಆ ಸಂಕಟ ಹಾಡಾಗಲು ನಾಲ್ಕು ವರ್ಷ ಹಿಡಿದಿತ್ತು. ಜನ ಏನಾದರೂ ಅಂದುಕೊಳ್ಳಲಿ, ತಾವು ತಪ್ಪು ಮಾಡಿಲ್ಲ ಎಂದು ಅವರಿಗೆ ಗೊತ್ತಿತ್ತು.

ಸಂಜೆ ಅಕ್ಕ ಬಂದರು. ಫಾದರ್‌ಗಿಂತ ಆರು ವರ್ಷ ದೊಡ್ಡವರು. ಮೂವತ್ತು ವರ್ಷ ಶಾಲಾ ಮಕ್ಕಳ ಯೂನಿಫಾರ್ಮ್ ಹೊಲಿದು, ಈಗ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದಾರೆ. ಅಪ್ಪ ಕೊನೆಯವರೆಗೂ ಇದ್ದದ್ದು ಅವರ ಮನೆಯಲ್ಲಿ. ಊರಿಗೆಲ್ಲ ಫಾದರ್ ಆದವರಿಗೆ ಅವರೊಬ್ಬರೇ ಏಕವಚನ ಹಚ್ಚುವುದು.

"ಏನೋ ಇದು, ದಾರಿಯಲ್ಲಿ ಹೋಗೋರೆಲ್ಲ ನಿನ್ನ ಮೇಲೆ ಕಲ್ಲು ಹಾಕ್ತಿದ್ದಾರೆ, ನೀನು ಕಂಬದ ಹಾಗೆ ನಿಂತಿದ್ದೀಯ? ನಮ್ಮಪ್ಪನ ಹಾಡು ಅಂತ ಹೇಳೋಕೆ ನಿನಗೇನು ಧಾಡಿ?"

"ನಾನು ಹೇಳೋ ಹಾಗಿಲ್ಲ ಅಕ್ಕ."

"ನೀನು ಹೇಳಬೇಡ. ನನಗೆ ಯಾವ ಬಿಷಪ್ಪೂ ಬಾಯಿ ಹೊಲಿದಿಲ್ಲ. ನಾನು ಹೇಳ್ತೀನಿ. ಸಾಕ್ಷಿ ಸಮೇತ ತಂದಿದ್ದೀನಿ ನೋಡು."

ಚೀಲದಿಂದ ತೆಗೆದದ್ದು ಅಪ್ಪನ ಫೋನು. ದಪ್ಪ ಗುಂಡಿಗಳದ್ದು, ಹಿಂಬದಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದು. ಸಿಮ್ ತೆಗೆದಿದ್ದರೂ ಅಕ್ಕ ತಿಂಗಳಿಗೊಮ್ಮೆ ಅದನ್ನು ಚಾರ್ಜಿಗೆ ಹಾಕುತ್ತಾರೆ. ಕರೆಗಳ ಪಟ್ಟಿ ತೆಗೆದು ತಮ್ಮನ ಮುಂದೆ ಹಿಡಿದರು.

"ಇಲ್ಲಿದೆ ನೋಡು. ನಾಲ್ಕು ಹನ್ನೆರಡಕ್ಕೆ ಒಂದು, ನಾಲ್ಕು ಇಪ್ಪತ್ತಕ್ಕೆ ಒಂದು. ನಿನಗೇ."

"ಇನ್ನೊಂದು?"

"ಯಾವ ಇನ್ನೊಂದು?"

"ಮೂರು ಸಲ ಮಾಡಿದ್ದರಲ್ಲ."

"ಎರಡೇ ಕಣೋ. ಪಾಪ, ಮೂರನೇ ಸಲ ಮಾಡೋಕೆ ಪುರಸೊತ್ತು ಎಲ್ಲಿತ್ತು? ನಾಲ್ಕೂ ಇಪ್ಪತ್ತೈದಕ್ಕೆಲ್ಲ ಪಕ್ಕದಲ್ಲಿದ್ದೋರು ನನಗೆ ಮಾಡಿದರು. ಹಾಡಿನಲ್ಲಿ ಮೂರು ಅಂತ ಕೇಳಿದಾಗಲೇ ಅಂದ್ಕೊಂಡೆ, ಪ್ರಾಸಕ್ಕೆ ಹಾಕಿರಬೇಕು ಅಂತ. ಮಗುಚಿಟ್ಟೆ ಅಂತಾನೂ ಹಾಡ್ತೀಯ. ನಿನ್ನ ಫೋನು ಮೇಜಿನ ಮೇಲೆ ಎಲ್ಲಿತ್ತು? ಡಬ್ಬಿಯಲ್ಲಿತ್ತು ಅಂತ ಮಣ್ಣು ಮಾಡಿದ ದಿನ ನೀನೇ ಅತ್ತಿದ್ದೆಯಲ್ಲ."

ಫಾದರ್ ಆ ಫೋನನ್ನು ಕೈಗೆ ತೆಗೆದುಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ಇಳಿಸಿ ನೋಡಿದರು. ಆಮೇಲೆ ಅಕ್ಕನಿಗೆ ವಾಪಸ್ ಕೊಟ್ಟು, "ಯಾರಿಗೂ ಏನೂ ಹೇಳಬೇಡ ಅಕ್ಕ," ಎಂದರು. ಆ ದನಿ ಕೇಳಿ ಅಕ್ಕ ಜಗಳ ಬಿಟ್ಟು ಚೀಲ ಮಡಚಿಕೊಂಡರು.

*

ಶುಕ್ರವಾರ ಬೆಳಗ್ಗೆ ಫಾದರ್ ರೇಡಿಯೋ ಮಾತು ಮುಗಿಸಿ, ಹಾಡಿಗೆ ಮೂರನೆಯ ಕರೆ ಎಲ್ಲಿಂದ ಬಂತೆಂದು ಹುಡುಕಲು ಕೂತರು. ಹಾಡು ಬರೆಯುವ ನೋಟ್‌ಬುಕ್ಕಿನಲ್ಲಿ ಮೊದಲ ಕರಡಿತ್ತು: ಎರಡು ಸಲ ಕೂಗಿತು ತಗಡಿನ ಒಳಗೆ. ಮುಂದಿನ ಪುಟದಲ್ಲಿ 'ಎರಡು' ಹೊಡೆದುಹಾಕಿ 'ಮೂರು' ಆಗಿತ್ತು, ತಗಡು ಹೋಗಿ ಮೇಜು ಬಂದಿತ್ತು. ಶಾಯಿಯ ಬಣ್ಣ ಬೇರೆ. ನಡುವೆ ಹನ್ನೊಂದು ದಿನದ ಅಂತರ.

"ಧಾಟಿಗೆ ಕೂರಲಿಲ್ಲ ಅಂತ ಬದಲಾಯಿಸಿದ್ವಾ?" ಎಂದು ಹೆಡ್‌ಫೋನ್‌ನನ್ನು ಕೇಳಿದರು.

ಅವನು ಎರಡನ್ನೂ ತಾಳ ಹಾಕಿಕೊಂಡು ಗುನುಗಿದ. "ಎರಡು ಅಂದ್ರೂ ಅಷ್ಟೇ ಮಾತ್ರೆ, ಮೂರು ಅಂದ್ರೂ ಅಷ್ಟೇ. ನಾನೇನೂ ಹೇಳಿಲ್ಲಪ್ಪ. ನೀವೇ ಒಂದು ಸೋಮವಾರ ಬಂದು, ಇದೀಗ ಸರಿಹೋಯ್ತು ನೋಡು ಅಂದ್ರಿ."

ಕಂಪ್ಯೂಟರಿನಲ್ಲಿದ್ದ ಹಳೆಯ ರೆಕಾರ್ಡಿಂಗುಗಳನ್ನು ಕೇಳಿದರು. ಕೇಳುಗರ ಪತ್ರಗಳ ಎರಡು ಫೈಲು ತಿರುವಿದರು, ಫೋನಿನ ಸಂದೇಶಗಳನ್ನು ನೋಡಿದರು. ಮೂರು ಸಲದ ಮಾತಾಗಲಿ, ಮಗುಚಿಟ್ಟ ಫೋನಾಗಲಿ ಎಲ್ಲೂ ಇರಲಿಲ್ಲ. ಹುಡುಕದೆ ಉಳಿದ ಜಾಗ ಒಂದೇ. ಅಲ್ಲಿ ಕೇಳಿದ್ದನ್ನು ಮನಸ್ಸಿನಲ್ಲೂ ಹೆಕ್ಕಬಾರದು ಎಂದು ಇಪ್ಪತ್ತಮೂರು ವರ್ಷದಿಂದ ರೂಢಿಸಿಕೊಂಡವರು ಅವರು, ಈಗಲೂ ಹೆಕ್ಕಲಿಲ್ಲ. ಹೆಕ್ಕುವ ಅಗತ್ಯವೂ ಇರಲಿಲ್ಲ. ಬೇರೆ ಎಲ್ಲ ಕಡೆ ನೋಡಿ ಆಗಿತ್ತು. ಬೇಕೆಂದು ಮಾಡಿದ್ದಲ್ಲ. ಆದರೆ ಯಾರೋ ಒಬ್ಬರು ಮಂಡಿಯೂರಿ ಇಳಿಸಿ ಹೋದ ಭಾರ ಈಗ ನಾಲ್ಕು ಲಕ್ಷ ಜನರ ಬಾಯಲ್ಲಿ ಹಾಡಾಗಿ ಓಡಾಡುತ್ತಿತ್ತು.

ಮಧ್ಯಾಹ್ನ ನಿವೃತ್ತ ಪಾದ್ರಿಗಳೆಲ್ಲ ಇರುವ ಮನೆಗೆ ಹೋದರು. ಇವರ ಪಾಪನಿವೇದನೆ ಕೇಳುವವರು ಅಲ್ಲಿನ ಎಂಬತ್ತೊಂದು ವರ್ಷದ ಗುರು. ಅವರಿಗೆ ಕಿವಿ ಮಂದ. ಹಾಗಾಗಿ ಇವರು ಬಂದರೆಂದರೆ ನೋಡಿಕೊಳ್ಳುವ ಸಿಸ್ಟರ್ ಮೊದಲು ಕಾರಿಡಾರಿನಲ್ಲಿದ್ದವರನ್ನೆಲ್ಲ ತೋಟಕ್ಕೆ ಅಟ್ಟುತ್ತಾರೆ. "ಕೂಗಿ ಹೇಳೋ ಪಾಪ ನೋಡಿ, ಪಕ್ಕದ ಬೀದಿಗೂ ಪುಣ್ಯ ಬರುತ್ತೆ," ಎಂದು ಆವತ್ತೂ ನಕ್ಕರು. ಫಾದರ್ ನಗಲಿಲ್ಲ. ಬಾಗಿಲು ಹನ್ನೊಂದು ನಿಮಿಷ ಮುಚ್ಚಿತ್ತು. ಒಳಗೆ ಏನು ಮಾತಾಯಿತೋ ಅದು ಅವರಿಬ್ಬರಿಗೆ ಬಿಟ್ಟದ್ದು.

ಅಲ್ಲಿಂದ ನೇರ ಸ್ಟುಡಿಯೋಗೆ ಬಂದು, "ಹಾಡು ತೆಗಿ," ಎಂದರು.

"ಕಾಮೆಂಟಾ?"

"ಹಾಡು. ಪೂರ್ತಿ. ನಿನ್ನ ಕಂಪ್ಯೂಟರಿನಲ್ಲಿ ಇರೋದನ್ನೂ ಅಳಿಸು."

ಹೆಡ್‌ಫೋನ್ ಕುರ್ಚಿಯಿಂದ ಎದ್ದೇ ಬಿಟ್ಟ. "ಈಗ ತೆಗೆದ್ರೆ ಕಳ್ಳತನ ಒಪ್ಪಿಕೊಂಡ ಹಾಗೆ ಆಗುತ್ತೆ ಫಾದರ್! ಎರಡನೇ ಚರಣ ಮಾತ್ರ ಬದಲಾಯಿಸೋಣ, ಒಂದು ಗಂಟೆ ಕೆಲಸ."

"ಅಷ್ಟನ್ನೇ ಬದಲಾಯಿಸಿದರೆ ಅಷ್ಟು ಮಾತ್ರ ನಿಜ ಅಂತ ನಾನೇ ಬೆರಳು ಮಾಡಿ ತೋರಿಸಿದ ಹಾಗೆ."

"ಇದ್ರೂ ತಪ್ಪು, ತೆಗೆದ್ರೂ ತಪ್ಪು."

"ಇದ್ದರೆ ಆ ಜೀವಕ್ಕೆ ನೋವು. ತೆಗೆದರೆ ನನ್ನ ಹೆಸರು ಕೆಡುತ್ತೆ. ತೆಗಿ."

ಹೆಡ್‌ಫೋನ್ ತೆಗೆದ. ಎರಡು ತಿಂಗಳ ಕೆಲಸ ಅಳಿಸಲು ನಾಲ್ಕು ಸಲ ಕ್ಲಿಕ್ಕಿಸಬೇಕಾಯಿತು. ಹಾಡಿನ ಜೊತೆ ಅದರ ಕೆಳಗಿನ ಮಾತುಗಳೂ ಹೋದವು.

ಟಿವಿ ಕಾರ್ಯಕ್ರಮದ ನಿರ್ಮಾಪಕಿ ಫೋನಿನಲ್ಲಿ ಮೊದಲು ಅಂಗಲಾಚಿದರು, ಆಮೇಲೆ ಗರಂ ಆದರು. "ಬೇರೆ ಹಾಡು ಬೇಡ ಫಾದರ್, ಜನ ಕೇಳ್ತಿರೋದು ಅದನ್ನೇ. ಕಾರಣವಾದ್ರೂ ಹೇಳಿ."

"ಇಲ್ಲ ಅಮ್ಮ."

"ಕಾರಣ ಇಲ್ಲವಾ, ಹೇಳೋದಿಲ್ಲವಾ?"

"ಕ್ಷಮಿಸಿ," ಎಂದು ಫಾದರ್ ಫೋನಿಟ್ಟರು.

ಟಿವಿಯವರು ಇವರ ಜಾಗಕ್ಕೆ ಒಬ್ಬ ಮಿಮಿಕ್ರಿ ಕಲಾವಿದನನ್ನು ಕರೆಸಿದರು.

ಶನಿವಾರ ಬೆಳಗ್ಗೆ ಎಲ್ಲ ಕಡೆ ಒಂದೇ ಮಾತು: ಸಿಕ್ಕಿಬಿದ್ದ, ಅಳಿಸಿದ. ಹೂವಿನ ಅಂಗಡಿಯವಳು ದಿನಾ ಮಾಡುತ್ತಿದ್ದ ನಮಸ್ಕಾರ ಅವತ್ತು ಮಾಡಲಿಲ್ಲ. ಸಂಜೆ ಐದಕ್ಕೆ ಫಾದರ್ ಪೀಠದಲ್ಲಿ ಕೂತರು. ಮೆಟ್ಟಿಲಿನ ಮೇಲೆ ಯಾರೂ ಇರಲಿಲ್ಲ. ಏಳರೊಳಗೆ ಬಂದವರು ಆರು ಜನ. ಆ ಮೂರು ಸಾಲು ಬರೆದವರು ಅವರಲ್ಲಿ ಇದ್ದರೋ ಇಲ್ಲವೋ ಎಂದು ಫಾದರ್ ಯಾರ ಹತ್ತಿರವೂ ಹೇಳಿಲ್ಲ, ಹೇಳುವುದೂ ಇಲ್ಲ. ಏಳಕ್ಕೆ ದೀಪ ಆರಿಸಿ ಹೊರಬಂದಾಗ ಅಕ್ಕ ಕೊನೆಯ ಬೆಂಚಿನಲ್ಲಿ ಕೂತಿದ್ದರು.

"ನಡಿ, ಊಟ ಮಾಡು. ಬೆಳಗ್ಗೆಯಿಂದ ಖಾಲಿ ಹೊಟ್ಟೆ ಅಂತ ನಿನ್ನ ಹೆಡ್‌ಫೋನ್ ಚಾಡಿ ಹೇಳಿದ," ಎಂದರು. ಬೇರೇನೂ ಕೇಳಲಿಲ್ಲ.

ಧರ್ಮಾಧ್ಯಕ್ಷರ ಕಚೇರಿಯಿಂದ ಪತ್ರ ಬಂದಿದೆ. ಚಾನೆಲ್ಲೂ ರೇಡಿಯೋ ಮಾತೂ ಸದ್ಯಕ್ಕೆ ನಿಲ್ಲಬೇಕು. ಸೋಮವಾರ ಬೆಳಗ್ಗೆ ಹತ್ತಕ್ಕೆ ಮೂವರು ಹಿರಿಯ ಗುರುಗಳ ಮುಂದೆ ಇವರು ವಿಚಾರಣೆಗೆ ಹಾಜರಾಗಬೇಕು. ಫಾದರ್ ಎಂಟೂವರೆಯ ಬಸ್ಸಿಗೆ ಹೋಗುತ್ತಾರೆ.