ಸರಸುವನ್ನು ಕಾಪಾಡಲು ಬಂದ ಮೂರು ಬೈಕುಗಳು

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಕೇರಿಗೆ ಮೂರು ಬೈಕು ಬಂದವು. ಒಟ್ಟು ಆರು ಜನ. ಸರಸುವನ್ನು ಕಾಪಾಡಲು!

ಸರಸು ಆಗ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ತಾನು ಅಪಾಯದಲ್ಲಿರುವ ಸುದ್ದಿ ಆಕೆಗೆ ಇನ್ನೂ ತಲುಪಿರಲಿಲ್ಲ.

ಸರಸು ನನ್ನ ಚಿಕ್ಕಪ್ಪನ ಮಗಳು. ಇಪ್ಪತ್ನಾಲ್ಕು ವರ್ಷ. ಹಳಿಯಾಳದಿಂದ ಬರುವ ಬಸ್ಸು ಇಳಿದು ಕಾಡಿನ ದಾರಿಯಲ್ಲಿ ಅರ್ಧ ಗಂಟೆ ನಡೆದರೆ ನಮ್ಮ ಕೇರಿ ಸಿಗುತ್ತದೆ. ನಾವು ಸಿದ್ದಿಗಳು. ಈ ಅಂಕಣ ಓದುವವರಿಗೆ ಅದು ಗೊತ್ತು. (ಕೇರಿಯ ಮೊದಲ ಬಿ.ಎ. ನಾನೇ ಎಂಬುದೂ ಗೊತ್ತು. ಎಷ್ಟು ಸಲ ಹೇಳುತ್ತೀಯ ಎನ್ನಬೇಡಿ. ಮುಫತ್ತಾಗಿ ಸಿಕ್ಕಿದ್ದಲ್ಲ ಅದು, ಹೇಳಿಕೊಳ್ಳುತ್ತಲೇ ಇರುತ್ತೇನೆ.)

ಬೈಕಿನವರಲ್ಲಿ ಮುಂದಿದ್ದವನು ಮೊಬೈಲು ತೋರಿಸಿದ. ಅದರಲ್ಲಿ ನೋಂದಣಿ ಕಚೇರಿಯ ನೋಟಿಸ್ ಬೋರ್ಡಿನ ಫೋಟೊ. ಸರಸುವಿನ ಮುಖ, ಪಕ್ಕದಲ್ಲಿ ಜುಜೆಯ ಮುಖ. ಹೆಸರು, ವಯಸ್ಸು, ವಿಳಾಸ, ಎಲ್ಲ. ಜುಜೆ ಎಂದರೆ ಆಕೆ ಮದುವೆಯಾಗಲಿರುವ ಹುಡುಗ, ಪಕ್ಕದ ಕೇರಿಯ ಕ್ರಿಶ್ಚಿಯನ್ ಸಿದ್ದಿ. ದಾಂಡೇಲಿಯಲ್ಲಿ ಗಾರೆ ಕೆಲಸ.

"ನಿಮ್ಮ ಹುಡುಗೀನ್ನ ಅವರ ಧರ್ಮಕ್ಕ ಸೇರಸ್ಕೊಳ್ಳಾಕತ್ತಾರ. ನಿಮಗ ಗೊತ್ತೈತೇನ್ರಿ?"

ನಮ್ಮ ಅಜ್ಜಿ ಅವರನ್ನು ಒಬ್ಬೊಬ್ಬರಾಗಿ ನೋಡಿದಳು. "ಬಿಸಲಾಗ ಬಂದೀರಿ. ಮೊದಲ ನೀರ ಕುಡೀರಿ. ಆಮ್ಯಾಲ ಕಾಪಾಡ್ರಿ."

ಆರೂ ಜನ ಒಳಗೆ ಬಂದು ಚಾಪೆಯ ಮೇಲೆ ಕೂತರು. ಎದುರಿನ ಮೂಲೆಯಲ್ಲಿ ನಮ್ಮ ಹಿರಿಯರು. ಅಂದರೆ ಒಂದು ತೆಂಗಿನಕಾಯಿ, ಒಂದು ದೀಪ. ನಮ್ಮಲ್ಲಿ ತೀರಿಹೋದವರೆಲ್ಲ ಅಲ್ಲಿರುತ್ತಾರೆ. ಮದುವೆ ಎಂದರೆ ಮೊದಲು ಅವರಿಗೆ ತಿಳಿಸಬೇಕು.

"ಅಜ್ಜಿ, ಇದು ಯಾವ ದೇವರು?"

"ದೇವರಲ್ಲೋ ತಮ್ಮಾ, ನಮ್ಮ ಹಿರ್ಯಾರು."

"ಹಿಂದೂನೋ, ಅಲ್ಲೋ?"

"ಸತ್ತವರನ್ನ ಎಬ್ಬಿಸಿ ಕೇಳ್ಲೇನು?"

ಅಷ್ಟರಲ್ಲಿ ಇಮಾಮ್ ಮಾಮಾ ಬಂದ. ತಲೆಯ ಮೇಲೆ ಬಿಳಿ ಟೋಪಿ, ಹೆಗಲ ಮೇಲೆ ಹಲಸಿನಕಾಯಿ. ಕಾಯಿ ಇಳಿಸಿ, ಮೂಲೆಯ ಹಿರಿಯರಿಗೆ ಕೈ ಮುಗಿದು, "ಏನ್ರಪಾ, ನೆಂಟರು ಯಾವೂರು?" ಎಂದ.

ಆರೂ ಜನರ ಮುಖ ನೀವು ನೋಡಬೇಕಿತ್ತು!

"ಇವರ‍್ಯಾರು?"

"ನನ್ನ ಅಳಿಯ," ಎಂದಳು ಅಜ್ಜಿ.

ಅಜ್ಜಿ ಸುಳ್ಳು ಹೇಳಲಿಲ್ಲ. ಆಕೆಯ ಮಗಳು, ಅಂದರೆ ನನ್ನ ಸೋದರತ್ತೆ, ಇಮಾಮ್ ಮಾಮಾನ ಹೆಂಡತಿ. ನಮ್ಮ ಜನರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರಿಶ್ಚಿಯನ್ನರು ಮೂವರೂ ಇದ್ದಾರೆ. ಮೂಲೆಯ ಹಿರಿಯರು ಮಾತ್ರ ಎಲ್ಲರಿಗೂ ಅವರೇ. ಒಬ್ಬರ ಮನೆಯ ಹುಡುಗಿ ಇನ್ನೊಬ್ಬರ ಮನೆಗೆ ಸೊಸೆಯಾಗಿ ಹೋಗುವುದು ನನ್ನ ಕೇರಿಗೆ ಹೊಸದೇನಲ್ಲ.

ಇಲ್ಲಿಗೆ ನಿಲ್ಲಿಸಿದರೆ ಎಷ್ಟು ಚೆಂದ, ಅಲ್ಲವೇ? ನೀವು ಚಪ್ಪಾಳೆ ತಟ್ಟುತ್ತೀರಿ, ನಾನು ಎದೆಯುಬ್ಬಿಸಿಕೊಂಡು ಮನೆಗೆ ಹೋಗುತ್ತೇನೆ. ಆದರೆ ಪೂರ್ತಿ ಹೇಳಬೇಕು. ಪ್ರತಿ ಸಲ ಧರ್ಮ ಬದಲಿಸುವುದು ಹುಡುಗಿಯೇ. ನನ್ನ ಸೋದರತ್ತೆ ಹುಟ್ಟುವಾಗ ಲಕ್ಷ್ಮಿ, ಈಗ ಫಾತಿಮಾ. ಸುಖವಾಗಿದ್ದಾಳೆ. ಆದರೆ ನಿನಗೆ ಒಪ್ಪಿಗೆಯೇ ಎಂದು ಆಕೆಯನ್ನು ಯಾರಾದರೂ ಕೇಳಿದ್ದರೇ? ಬಿ.ಎ. ಓದಿದ ನಾನೇ ಕೇಳಿಲ್ಲ!

ಸರಸು ಯಾರೂ ಕೇಳುವ ಮೊದಲೇ ಹೇಳಿಬಿಟ್ಟಿದ್ದಳು. "ಜುಜೆ ಬೇಕು. ನನ್ನ ಹೆಸರೂ ಬೇಕು, ನನ್ನ ದೇವರೂ ಬೇಕು. ಎರಡೂ ಬಿಡಂಗಿಲ್ಲ."

ಹಾಗಾಗಿಯೇ ಆ ನೋಟಿಸು. ಅದನ್ನು ಹಾಕಿಸಿದ ಮಹಾತಾಯಿ ನಾನೇ. ಇಬ್ಬರೂ ತಮ್ಮ ತಮ್ಮ ಧರ್ಮದಲ್ಲೇ ಇದ್ದು ಮದುವೆಯಾಗಬೇಕೆಂದರೆ ವಿಶೇಷ ವಿವಾಹ ಕಾಯ್ದೆ ಇದೆ ಎಂದು ಹೇಳಿದ್ದು ನಾನು. ಫಾರಂ ತುಂಬಿದ್ದು ನಾನು. ಅರ್ಜಿ ಕೊಟ್ಟು ಬಂದ ದಿನ ಹೆಮ್ಮೆಯೋ ಹೆಮ್ಮೆ. ಮೂವತ್ತು ದಿನ ಇಬ್ಬರ ಹೆಸರು, ವಿಳಾಸ ಕಚೇರಿಯ ಗೋಡೆಗೆ ಅಂಟಿರುತ್ತದೆ ಎಂಬುದೂ ಗೊತ್ತಿತ್ತು. ಗೋಡೆ ನೋಡುವವರು ಯಾರು ಅಂದುಕೊಂಡೆ. ಗೋಡೆಯ ಮುಂದೆ ಈಗ ಮೊಬೈಲು ಹಿಡಿದವರು ನಿಂತಿರುತ್ತಾರೆ ಎಂಬುದು ಮಾತ್ರ ಹೊಳೆಯಲಿಲ್ಲ.

ಸರಸು ಕೈ ತೊಳೆದು ಒಳಗೆ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅವರ ಎದುರೇ ನಿಂತಳು.

"ನನ್ನ ಯಾರೂ ಎಲ್ಲಿಗೂ ಸೇರಸಂಗಿಲ್ರಿ. ಸೇರೂದು ಬ್ಯಾಡಂತನ ಆ ಕಾಯ್ದ್ಯಾಗ ಲಗ್ನ ಆಗಾಕತ್ತೇನಿ."

ಮುಂದಾಳು ಒಂದು ಕ್ಷಣ ಗಲಿಬಿಲಿಗೊಂಡ. ಆಮೇಲೆ ಮುಖ ಅರಳಿತು. "ಹಂಗಾರ ಚೊಲೋ ಆತಲ್ಲ ತಂಗಿ! ಅವನ್ನ ನಮ್ಮ ಧರ್ಮಕ್ಕ ಬಾ ಅನ್ನು. ನಾವ ಮುಂದ ನಿಂತು ಲಗ್ನ ಮಾಡ್ತೇವಿ."

"ಅವಾ ಯಾಕ ಬರಬೇಕ್ರಿ? ನಾ ಒಲ್ಲೆ ಅಂದದ್ದನ್ನ ಅವಗ ಮಾಡು ಅನ್ನಲೇನು?"

ಓದುಗರೇ, 'ಜಾತ್ಯತೀತತೆ' ಎಂಬ ಪದ ನನಗೆ ಸಿಕ್ಕಿದ್ದು ಬಿ.ಎ. ಎರಡನೇ ವರ್ಷದಲ್ಲಿ. ಐದು ಅಂಕದ ಟಿಪ್ಪಣಿ. ಎರಡು ಪುಟ ಬರೆದು ಮೂರೂವರೆ ತೆಗೆದಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಸರಸು ಸಗಣಿ ವಾಸನೆಯ ಕೈಯಲ್ಲಿ, ಒಂದೇ ಉಸಿರಿಗೆ, ಐದಕ್ಕೆ ಐದು ತಗೊಂಡಳು. ನನಗೆ ಮೈಯೆಲ್ಲ ಜುಮ್ಮೆಂದಿತು!

ಅವರಿಗೆ ಜುಮ್ಮೆನ್ನಲಿಲ್ಲ. "ನೋಡ್ಕೋತೇವಿ" ಎಂದು ಎದ್ದರು. (ನೀರು ಮಾತ್ರ ಪೂರ್ತಿ ಕುಡಿದಿದ್ದರು.) ಬೈಕಿನ ಸದ್ದು ದೂರವಾಗುವುದನ್ನೇ ಕಾಯುತ್ತಿದ್ದ ಚಿಕ್ಕಮ್ಮ ನನ್ನ ಮೇಲೆ ಹರಿಹಾಯ್ದಳು. "ನಿನ್ನ ಬಿ.ಎ.ಗೆ ಬೆಂಕಿ ಹಚ್ಚ! ಹಿರ್ಯಾರ ಮುಂದ ದೀಪಾ ಹಚ್ಚಿ ಲಗ್ನ ಮಾಡಿದ್ರ ಮುಗೀತಿತ್ತು. ಊರ ಮಂದೀನ್ನೆಲ್ಲ ಮನೀಗ ಕರದಿ."

ಒಂದೇ ಧರ್ಮದವರಾಗಿದ್ದರೆ ಮದುವೆಗೆ ಮುಂಚೆ ಹೀಗೆ ಗೋಡೆಗೆ ಅಂಟಿಸುವುದಿಲ್ಲ. ಬೇರೆ ಬೇರೆಯಾಗಿದ್ದು ಹಾಗೆಯೇ ಉಳಿಯುತ್ತೇವೆ ಎಂದವರು ಮಾತ್ರ ತಿಂಗಳಿಡೀ ಊರಿಗೆ ಮುಖ ತೋರಿಸಬೇಕು. ಹಕ್ಕು ಬೇಕೆಂದವರಿಗೆ ಯಾಕೆ ಈ ಮೆರವಣಿಗೆ?

ಮರುದಿನವೇ ಆಕ್ಷೇಪಣೆ ಅರ್ಜಿ ಬಿತ್ತು. ನೋಂದಣಿ ಕಚೇರಿಗೆ ಓಡಿದೆ. ಅಧಿಕಾರಿ ಕನ್ನಡಕ ಏರಿಸಿ ಓದಿ, ಅರ್ಜಿ ತಂದವರನ್ನೇ ಕೇಳಿದರು.

"ಇವರಿಗೆ ಮೊದಲ ಒಂದು ಲಗ್ನ ಆಗೇತೇನು?"

"ಇಲ್ರಿ."

"ವಯಸ್ಸು ಕಡಿಮಿ ಐತೇನು? ತೀರಾ ಹತ್ತರದ ರಕ್ತ ಸಂಬಂಧ?"

"ಅದೂ ಅಲ್ರಿ. ಧರ್ಮ ಬ್ಯಾರೆ ಐತ್ರಿ."

"ಧರ್ಮ ಬ್ಯಾರೆ ಅಂತನ ಈ ಕಾಯ್ದ್ಯಾಗ ಬಂದಾರ್ರಿ! ನೀವು ಬರದದ್ದು ಕಾರಣ ಆಗಂಗಿಲ್ಲ." ವಿಚಾರಣೆಯ ಕಾಗದ ಬರೆದು ಅರ್ಜಿ ತಳ್ಳಿಹಾಕಿದರು.

ಗೆದ್ದೆವು ಅಂದುಕೊಂಡೆ. ಜುಜೆಯ ತಾಯಿ ಮೇರಿ ಬಾಕಿ ಇದ್ದಳು.

ಇದ್ದೊಬ್ಬ ಮಗನ ಮದುವೆ ಚರ್ಚಿನಲ್ಲಿ ಆಗಬೇಕು, ಸೊಸೆ ದೀಕ್ಷಾಸ್ನಾನ ತಗೊಂಡು ಬಿಳಿ ಸೀರೆ ಉಟ್ಟು ಬರಬೇಕು. ಇದು ಮೇರಿಯ ಬಹಳ ವರ್ಷಗಳ ಆಸೆ. ಆ ಸೀರೆ ಕೂಡ ತಂದಿಟ್ಟಿದ್ದಳು. ಸರಸು ಒಲ್ಲೆ ಎಂದ ದಿನದಿಂದ ಆಕೆ ನಮ್ಮ ಕೇರಿಯ ದಾರಿ ತುಳಿದಿರಲಿಲ್ಲ. ಮಗನಿಗೂ ಹೇಳಿದ್ದಳು. "ನೀ ಎಲ್ಲಿ ಬೇಕಾರ ಸಹಿ ಮಾಡ್ಕೊ. ನಾ ಅಂತೂ ಬರಂಗಿಲ್ಲ."

ಮೂವತ್ತು ದಿನ ಕಳೆಯಿತು. ಗೊತ್ತು ಮಾಡಿದ ದಿನ ಕಚೇರಿಗೆ ಹೋದೆವು. ಮದುಮಕ್ಕಳ ಜೊತೆಗೆ ಮೂವರು ಸಾಕ್ಷಿಗಳು ಬೇಕು. ನಾನು ಒಬ್ಬಳು, ಇಮಾಮ್ ಮಾಮಾ ಇನ್ನೊಬ್ಬ. ಮೂರನೆಯವನು ಜುಜೆಯ ಗೆಳೆಯ. ಆತನ ಫೋನು ಸ್ವಿಚ್ ಆಫ್! ಬೈಕಿನವರು ಹಿಂದಿನ ದಿನ ಅವನ ಮನೆಗೂ ಹೋಗಿದ್ದರಂತೆ. ಚಿಕ್ಕಪ್ಪ, ಚಿಕ್ಕಮ್ಮ ನಮ್ಮ ಜೊತೆ ಬಂದಿರಲಿಲ್ಲ. ಬೈಕಿನವರು ಮತ್ತೆ ಬಂದರೆ ಮನೆಯಲ್ಲಿ ಯಾರಾದರೂ ಇರಬೇಕಲ್ಲ?

"ಇನ್ನೊಬ್ಬರು ಎಲ್ಲಿ?" ಎಂದರು ಗುಮಾಸ್ತರು. "ಊಟದ ಹೊತ್ತಾತು. ಇಲ್ಲಂದ್ರ ಇನ್ನೊಂದ್ ದಿನಾ ಬರ್ರಿ."

ಇನ್ನೊಂದು ದಿನ? ಅಷ್ಟರಲ್ಲಿ ಇನ್ನೆಷ್ಟು ಮನೆಗೆ ಬೈಕು ಹೋಗುತ್ತವೋ! ಸರಸು ತುಟಿ ಕಚ್ಚಿಕೊಂಡು ನಿಂತಿದ್ದಳು. ಜುಜೆ ಗುರುತು ಪರಿಚಯವಿಲ್ಲದವರನ್ನೂ ಸಾಕ್ಷಿ ಹಾಕುತ್ತೀರಾ ಎಂದು ಕೇಳತೊಡಗಿದ್ದ. ಎಲ್ಲರೂ ಕೈ ಆಡಿಸಿ ಮುಂದೆ ಹೋಗುತ್ತಿದ್ದರು.

ಆಗ ಮೆಟ್ಟಿಲು ಹತ್ತಿಕೊಂಡು ಬಂದವಳು ಮೇರಿ. ಏದುಸಿರು. ಯಾರ ಮುಖವನ್ನೂ ನೋಡಲಿಲ್ಲ. ಸೀದಾ ಮೇಜಿನ ಹತ್ತಿರ ಹೋಗಿ ಪ್ಲಾಸ್ಟಿಕ್ ಚೀಲದಿಂದ ಆಧಾರ್ ಕಾರ್ಡು ತೆಗೆದು ಇಟ್ಟಳು.

"ಮೂರನೇ ಸಾಕ್ಷಿ ನಾ ಆಗ್ತೇನ್ರಿ. ಹುಡುಗನ ತಾಯಿ."

ಜುಜೆ ಬಾಯಿ ಬಿಟ್ಟುಕೊಂಡು ನಿಂತ. "ಆಯೀ, ನೀ ಬರಂಗಿಲ್ಲ ಅಂದಿದ್ದಿ..."

"ಯಾರೋ ಬೈಕಿನ ಹುಡುಗರು ಮನೀಗ ಬಂದು, ಸಾಕ್ಷಿಯವನ್ನ ತಡದೇವಿ ಅಂತಾರ, ನನ್ನ ಸೊಸಿ ಬ್ಯಾಡ ಅಂತಾರ. ಬ್ಯಾಡ ಅನ್ನೂದಿದ್ರ ನಾ ಅಂತೇನಿ. ಅವರ‍್ಯಾರ ನಡುವ?"

ಇಮಾಮ್ ಮಾಮಾ ಕಚೇರಿ ಎಂಬುದನ್ನೂ ಮರೆತು ಗಹಗಹಿಸಿದ. ಗುಮಾಸ್ತರೂ ನಕ್ಕರು. ನಾನು ನಗುತ್ತಲೇ ಕಣ್ಣು ಒರೆಸಿಕೊಂಡೆ.

ಸರಸು ಮೆಲ್ಲಗೆ ಕೇಳಿದಳು. "ಸಿಟ್ಟು ಹೋತೇನ್ರಿ ಅತ್ತಿ?"

"ಎಲ್ಲಿ ಹೋಗ್ತೈತಿ? ಇಲ್ಲೇ ಐತಿ," ಎಂದು ಮೇರಿ ಎದೆ ಮುಟ್ಟಿ ತೋರಿಸಿದಳು. "ಸಿಟ್ಟು ನಂದು. ಲಗ್ನ ನಿಮ್ದು." ಆಮೇಲೆ ಗುಮಾಸ್ತರ ಕಡೆ ತಿರುಗಿ, "ಎಲ್ಲಿ ಒತ್ತಲ್ರಿ ಬೆಟ್ಟು?" ಎಂದಳು.

ಒತ್ತಿದಳು. ಮದುವೆ ಆಯಿತು!

ನನಗೆ ಇಷ್ಟವಿಲ್ಲ ಎನ್ನುವುದು ಬೇರೆ, ನೀನು ಮಾಡಕೂಡದು ಎನ್ನುವುದು ಬೇರೆ. ಹೆಬ್ಬೆಟ್ಟು ಒತ್ತುವ ಮೇರಿಗೆ ತಿಳಿದ ಈ ಮಾತು ತಿಳಿಯಲು ನಮಗಿನ್ನು ಯಾವ ಡಿಗ್ರಿ ಬೇಕು, ಹೇಳಿ?