ನಾಲ್ಕನೇ ಮಹಡಿಯ ಕೋಣೆ

ಮಂಜುಷಾ ಹತ್ತೊಂಬತ್ತು ವರ್ಷಗಳಿಂದ ಕಮಲಾಪುರದ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದಾಳೆ. ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ. ಹೋಗಿ ಬರುವ ಬಸ್ಸಿನಲ್ಲೇ ದಿನಕ್ಕೆ ಎರಡು ತಾಸು ಕಳೆಯುತ್ತವೆ. ಮೆಡಿಟರೇನಿಯನ್ ಸಮುದ್ರದ ನಕ್ಷೆಯನ್ನು ಪುಸ್ತಕ ತೆರೆಯದೆ ಹಲಗೆಯ ಮೇಲೆ ಬಿಡಿಸುತ್ತಾಳೆ. ಇಟಲಿಯ ಕಾಲು, ಸ್ಪೇನಿನ ಮೂಲೆ, ನಡುವಿನ ಚಿಕ್ಕ ದ್ವೀಪಗಳು, ಒಂದೂ ತಪ್ಪುವುದಿಲ್ಲ. ಅವಳು ಕಣ್ಣಾರೆ ಕಂಡದ್ದು ಮಾತ್ರ ಮಂತ್ರಾಲಯ, ಪಂಢರಪುರ, ಉಡುಪಿ, ಒಂದು ಸಲ ಕಾಶಿ.

ಆ ಪ್ರವಾಸಗಳನ್ನೆಲ್ಲ ಹೊಂದಿಸಿದವಳೂ ಅವಳೇ. ಗಂಡ ಧೀರೇಂದ್ರ ಸಹಕಾರಿ ಬ್ಯಾಂಕಿನ ಗುಮಾಸ್ತ, ಮಕ್ಕಳಿಬ್ಬರು ಓದುತ್ತಿದ್ದಾರೆ. ಯಾವ ರೈಲು ಅಗ್ಗ, ಯಾವ ಮಠದಲ್ಲಿ ಬಿಸಿನೀರು ಸಿಗುತ್ತದೆ, ಸ್ಟೇಷನ್ನಿನಿಂದ ನಡೆದೇ ಹೋಗಬಹುದೇ ಎಂಬುದೆಲ್ಲ ಅವಳಿಗೆ ಗೊತ್ತು. ಬಳಗದವರು ಊರಿಗೆ ಹೊರಡುವ ಮುಂಚೆ ಅವಳಿಗೊಂದು ಫೋನ್ ಮಾಡುತ್ತಿದ್ದರು. ಅದರಲ್ಲಿ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಜೂನ್ ತಿಂಗಳಲ್ಲಿ ಮೈದುನ ಸುಜಯೀಂದ್ರ ಪೇಡೆ ಹಿಡಿದುಕೊಂಡು ಬಂದ. ಊರಿನ ಪಕ್ಕದ ನಂದೂರಿನಲ್ಲಿ ಅವನದು ಹೊಲದ ಪೈಪುಗಳ ಸಗಟು ವ್ಯಾಪಾರ. ಆ ವರ್ಷ ಮಾರಾಟ ಚೆನ್ನಾಗಿ ಆದದ್ದಕ್ಕೆ ಪೈಪಿನ ಕಂಪನಿಯವರು ಗಂಡ ಹೆಂಡತಿಗೆ ಯುರೋಪಿನ ಹಡಗು ಪ್ರವಾಸ ಕೊಟ್ಟಿದ್ದರು. ಬಾರ್ಸಿಲೋನಾದಿಂದ ಹೊರಟು ಒಂದು ವಾರ ಸಮುದ್ರದ ಮೇಲೆ. ತನ್ನ ಮನೆಯಲ್ಲೇ ಇರುವ ತಾಯಿ ಪಾರ್ವತೀಬಾಯಿಗೂ ತಾನೇ ಒಂದು ಟಿಕೆಟ್ ತೆಗೆಸಿದ್ದ. ಮಂಜುಷಾ ಅರ್ಧ ಪೇಡೆ ತಿಂದು ಚಹಾ ಇಡಲು ಒಳಗೆ ಹೋದಳು.

ಕಾಶಿಗೆ ಹೋಗುವಾಗ ಅತ್ತೆಯನ್ನು ಎಷ್ಟೋ ಕರೆದಿದ್ದಳು. ಮೊಣಕಾಲು ನೋಯುತ್ತದೆಂದು ಅವರು ಬರಲಿಲ್ಲ. ಈಗ ಯುರೋಪ್ ಅಂದಕೂಡಲೆ ಹೊಸ ಚಪ್ಪಲಿ ಕೊಳ್ಳಲು ಸೂಪರ್ ಮಾರ್ಕೆಟ್ಟಿಗೆ ಹೋಗಿ ಬಂದರು. ಇನ್ನು ಸುಜಯೀಂದ್ರನ ಹೆಂಡತಿ ಮೃದುಲಾ, ಸ್ಪೇನ್ ಯಾವ ದಿಕ್ಕಿನಲ್ಲಿದೆ ಎಂದು ಕೇಳಿದರೆ ನಗುವವಳು. ಅವಳು ಹೋಗುತ್ತಾಳೆ, ತಾನು ನಾಳೆಯೂ ಕಮಲಾಪುರಕ್ಕೆ ಹೋಗುವ ಹುಮನಾಬಾದ ರಸ್ತೆಯ ಬಸ್ಸಿಗೆ ನಿಲ್ಲಬೇಕು. ಈ ಯೋಚನೆ ಮಂಜುಷಾಳನ್ನು ಬಿಡಲೇ ಇಲ್ಲ. ತರಗತಿಯಲ್ಲಿ ಒಂದು ವಾರ ಸುಮ್ಮಸುಮ್ಮನೆ ಮಕ್ಕಳಿಗೆ ಬೈದಳು.

ಕಂಪನಿ ಕೊಟ್ಟದ್ದು ಹಡಗಿನ ಟಿಕೆಟ್ ಮಾತ್ರ, ವಿಮಾನದ ಖರ್ಚು ಸುಜಯೀಂದ್ರನದೇ. ಅಗ್ಗದ ಟಿಕೆಟ್ ಹುಡುಕಿದಾಗ ಸಿಕ್ಕಿದ್ದು ಹಡಗು ಹೊರಡುವುದಕ್ಕೆ ಮೂರು ದಿನ ಮುಂಚಿನದು. ಆ ಮೂರು ದಿನ ಬಾರ್ಸಿಲೋನಾದಲ್ಲಿ ಕಡಿಮೆ ಖರ್ಚಿನಲ್ಲಿ ಇರುವುದು ಹೇಗೆಂದು ಕೇಳಲು ಮೃದುಲಾ ಒಂದು ಭಾನುವಾರ ಬಂದಳು.

"ಅಕ್ಕಾ, ಇದೆಲ್ಲಾ ನಿಮಗ ತಿಳದಷ್ಟು ನಮಗ ತಿಳಿಯಂಗಿಲ್ರೀ. ನೀವೇ ನೋಡ್ರಿ," ಅಂದಳು.

ಮಂಜುಷಾ ನಾಲ್ಕು ದಿನ ಕೂತು ಫೋನಿನಲ್ಲಿ ಹುಡುಕಿದಳು. ಅಡುಗೆ ಮಾಡಿಕೊಳ್ಳಲು ಬರುವ ಕೋಣೆ ಬೇಕು, ಮೆಟ್ರೋ ಹತ್ತಿರವಿರಬೇಕು. ಎರಡು ಸಿಕ್ಕವು. ಒಂದು ತುಸು ದುಬಾರಿ, ಅಲ್ಲಿ ಲಿಫ್ಟ್ ಇತ್ತು. ಇನ್ನೊಂದು ಅಗ್ಗ, ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಆ ಸಾಲನ್ನು ಅವಳು ಎರಡು ಸಲ ಓದಿದಳು. ಆಮೇಲೆ ಅಗ್ಗದ್ದನ್ನೇ ಗೊತ್ತುಮಾಡಿ ಮೃದುಲಾಳಿಗೆ ವಿಳಾಸ ಕಳಿಸಿದಳು. ಲಿಫ್ಟಿನ ಮಾತು ಎತ್ತಲಿಲ್ಲ. ಯುರೋಪಿಗೆ ನಡೆಯುವ ಕಾಲು ಮೆಟ್ಟಿಲನ್ನೂ ಹತ್ತಲಿ ಅನ್ನಿಸಿತ್ತು.

ಸೆಪ್ಟೆಂಬರಿನಲ್ಲಿ ಅವರು ಹೋದರು. ಮರುದಿನ ಮಧ್ಯಾಹ್ನ ಶಾಲೆಯಲ್ಲಿ ಊಟದ ಡಬ್ಬಿ ಬಿಚ್ಚುವಾಗ ಮೃದುಲಾಳ ವಿಡಿಯೊ ಕರೆ ಬಂತು. ಇಕ್ಕಟ್ಟಾದ ಕಲ್ಲಿನ ಮೆಟ್ಟಿಲ ಮೇಲೆ ಪಾರ್ವತೀಬಾಯಿ ಗೋಡೆಗೆ ಒರಗಿ ಕೂತಿದ್ದರು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

"ಲಿಫ್ಟ್ ಇಲ್ಲರೀ ಅಕ್ಕಾ. ಎರಡ ಮಹಡಿ ಹತ್ಯಾರ, ಇನ್ನೂ ಎರಡ ಅವ. ನೀವು ನೋಡಿರಲಿಕ್ಕಿಲ್ಲ," ಅಂದಳು ಮೃದುಲಾ.

ನೋಡಿರಲಿಲ್ಲ ಎಂದೇ ಮಂಜುಷಾ ಹೇಳಿದಳು. ಫೋನ್ ಇಟ್ಟ ಮೇಲೆ ಒಂದು ಗಳಿಗೆ ಮನಸ್ಸಿಗೆ ಹಿತವೆನಿಸಿತು, ಅದು ನಿಜ. ಆದರೆ ಡಬ್ಬಿಯ ರೊಟ್ಟಿ ಹಾಗೇ ಉಳಿಯಿತು.

ಪಾರ್ವತೀಬಾಯಿ ಮೇಲೆ ಹತ್ತಿದವರು ಮೂರು ದಿನ ಕೆಳಗೆ ಇಳಿಯಲಿಲ್ಲ. ಅವರನ್ನು ಒಬ್ಬರೇ ಬಿಡಲಾಗದೆ ಮೃದುಲಾಳೂ ಕೋಣೆಯಲ್ಲೇ ಅನ್ನ ಸಾರು ಮಾಡಿಕೊಂಡು ಕೂತಳು. ಊರು ನೋಡಿದವನು ಸುಜಯೀಂದ್ರ ಒಬ್ಬನೇ. ಆಮೇಲೆ ಹಡಗಿನಿಂದ ಫೋಟೋಗಳು ಬಂದವು. ಮಂಜುಷಾ ಒಂದನ್ನೂ ತೆರೆಯಲಿಲ್ಲ.

ವಾಪಸು ಬಂದಾಗ ಅತ್ತೆಯ ಬಲ ಮೊಣಕಾಲು ಊದಿತ್ತು. ತಿಂಗಳೊಪ್ಪತ್ತು ಮೆಟ್ಟಿಲು ಹತ್ತಬಾರದೆಂದರು ಡಾಕ್ಟರು. ಸುಜಯೀಂದ್ರನ ಮನೆ ಅಂಗಡಿಯ ಮೇಲೆ. ಹಾಗಾಗಿ ಅತ್ತೆ ಮಂಜುಷಾಳ ಮನೆಗೇ ಬಂದರು. ದಿನಾ ಶಾಲೆಯಿಂದ ಬಂದು ಅವಳು ಎಣ್ಣೆ ಕಾಸಿ ಕಾಲು ತಿಕ್ಕುತ್ತಿದ್ದಳು. ಅವರು ಹಡಗಿನ ವರ್ಣನೆ ಮಾಡುತ್ತಿದ್ದರು: ಊಟದ ಕೋಣೆಯೇ ನಮ್ಮ ಓಣಿಯಷ್ಟಿತ್ತು, ಬೆಳಿಗ್ಗೆ ಎದ್ದರೆ ಬೇರೆ ದೇಶ. ಕೇಳಿದಷ್ಟೂ ಮಂಜುಷಾಳಿಗೆ ಹೊಟ್ಟೆಯುರಿ, ಕೈಗೆ ಆ ಊತ ತಾಗಿದಾಗ ನಾಚಿಕೆ. ಒಂಬತ್ತನೇ ದಿನ ತಡೆಯಲಾಗಲಿಲ್ಲ.

"ಅತ್ತೀ, ಅಲ್ಲೆ ಲಿಫ್ಟ್ ಇಲ್ಲಂತ ನನಗ ಗೊತ್ತಿತ್ತು."

ಪಾರ್ವತೀಬಾಯಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಗೊತ್ತದ ನನಗ. ಬಸ್ಸಿನ ಕಿಡಕಿ ಸೈತ ಕೇಳಿ ಸೀಟ್ ಹಿಡಿಯಾಕಿ ನೀ. ಲಿಫ್ಟ್ ನೋಡ್ದ ಬಿಡ್ತಿಯೇನು?" ಅಂದರು. ಆಮೇಲೆ, "ನನಗ ಹೇಳಿದ್ದು ಆತು. ಮೂರು ದಿನ ಮೃದುಲಾನೂ ಒಳಗ ಕೂತಾಳ. ಆಕಿಗೂ ಹೇಳು."

ಭಾನುವಾರ ಮೃದುಲಾ ಬಂದಾಗ ಮಂಜುಷಾ ಅಡುಗೆಮನೆಯಲ್ಲಿ ನಿಂತು ಎಲ್ಲ ಹೇಳಿದಳು. ತನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು, ಈಗಲೂ ಪೂರ್ತಿ ಹೋಗಿಲ್ಲ ಎಂದೂ ಹೇಳಿದಳು. ಮೃದುಲಾ ಕೈಯಲ್ಲಿದ್ದ ಚಹಾದ ಕಪ್ಪನ್ನು ಕಟ್ಟೆಯ ಮೇಲೆ ಇಟ್ಟಳು.

"ನಾ ಅಲ್ಲೆ ದಿನಾ ನಿಮ್ಮ ಪರವಾಗಿ ಮಾತಾಡೀನ್ರಿ ಅಕ್ಕಾ. ನಮ್ಮ ಮನಿಯವರು ನಿಮಗ ಬೈತಿದ್ರು, ನಾ ತಡೀತಿದ್ದೆ," ಎಂದು ಹೇಳಿ ಚಹಾ ಕುಡಿಯದೆ ಹೋದಳು.

ದೀಪಾವಳಿಗೂ ಅವಳು ಈ ಕಡೆ ಬರಲಿಲ್ಲ. ಅತ್ತೆಯ ಕಾಲು ವಾಸಿಯಾದ ಮೇಲೆ ಕರೆದೊಯ್ಯಲು ಸುಜಯೀಂದ್ರ ಒಬ್ಬನೇ ಬಂದ, ಅತ್ತಿಗೆ ಮಂಜುಷಾಳ ಮುಖ ನೋಡದೆ ಅಣ್ಣನೊಡನೆಯೇ ಮಾತಾಡಿದ. ಮಂಜುಷಾ ಕಮಲಾಪುರದಿಂದ ತಂದ ಕೆಂಪು ಬಾಳೆಯ ಒಂದು ಚಿಪ್ಪನ್ನು ಅತ್ತೆಯ ಚೀಲದಲ್ಲಿ ಇಟ್ಟಳು. ಮರುದಿನ ಮೃದುಲಾಳಿಂದ ಒಂದು ಸಾಲಿನ ಮೆಸೇಜ್ ಬಂತು: ಹಣ್ಣು ಇನ್ನೂ ಕಾಯಿ ಅವ, ಎಷ್ಟು ದಿನಕ್ಕ ಹಣ್ಣಾಗ್ತಾವ? ಮಂಜುಷಾ ಬಸ್ಸಿನಲ್ಲಿ ನಿಂತುಕೊಂಡೇ ಉತ್ತರ ಬರೆದಳು.